ಮೋಟುಗಾಲಿನ ಸವಾರಿ

ಮೋಟುಗಾಲು ಎಂಬ ಮಾತು ಮಣೆಗೂ ಸಲ್ಲುತ್ತದೆ, ಮಂಚಕ್ಕೂ ಸಲ್ಲುತ್ತದೆ. ಮನುಷ್ಯರಿಗೆ ಅಂಟಿಸುವಾಗ ಮಾತ್ರ ಆಡುವ ಬಾಯಿ ಯಾವುದೆಂದು ನೋಡಬೇಕು. ಅಜ್ಜಿ "ನನ್ನ ಮೋಟುಗಾಲಿನ ಬಂಗಾರಿ" ಎಂದರೆ ಆ ಹುಡುಗಿ ಒಂದು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದಳು. ಅತ್ತಿಗೆ "ನಮ್ಮನೆ ಮೋಟುಗಾಲು" ಎಂದರೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿ ಏಳುತ್ತಿದ್ದಳು. ಕುಳಿತರೆ ಅವಳು ಅಣ್ಣನ ಸಮ, ಎದ್ದು ನಿಂತರೆ ಅವನ ಎದೆಮಟ್ಟ. ಕಾಲಿನ ಸರದಿ ಬರುವ ಹೊತ್ತಿಗೆ ದೇವರ ಹತ್ತಿರ ಮಣ್ಣು ಮುಗಿದಿತ್ತು ಎಂದು ತಾನೇ ಹೇಳಿ ನಗುತ್ತಿದ್ದಳು.

ಬೇಕರಿಯಲ್ಲಿ ಸೈಕಲ್ ಮೇಲೆ ಮನೆಮನೆಗೆ ಬ್ರೆಡ್ ಹಂಚುವ ಕೆಲಸವಿದೆ, ಇರಲು ಹಿಂದಿನ ಕೋಣೆಯೂ ಇದೆ ಎಂಬ ಸುದ್ದಿ ಬಂದಾಗ ಅವಳು ಕುಣಿದಾಡಿಬಿಟ್ಟಳು. ಅತ್ತಿಗೆಯ ಅಡುಗೆಮನೆಯ ನೆಲದ ಮೇಲೆ ಮಲಗಿ ಸಾಕಾಗಿ ಹೋಗಿತ್ತು. ತಾನೇ ಬಾಗಿಲು ಹಾಕಿಕೊಳ್ಳಬಹುದಾದ ತನ್ನದೊಂದು ಕೋಣೆ!

ಬೇಕರಿ ಯಜಮಾನ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆ ಪ್ರಯಾಣವೇನೂ ದೀರ್ಘವಾಗಿರಲಿಲ್ಲ.

"ಸೈಕಲ್ ಎಷ್ಟೆತ್ತರ ಇದೆ ನೋಡಿದ್ಯೇನಮ್ಮ? ಈ ಮೋಟುಗಾಲಿಗೆ ಪೆಡಲ್ ಸಿಗುತ್ತಾ?"

"ಸಿಗದಿದ್ರೆ ಕೇಳಿ. ಇವತ್ತೊಂದು ದಿನ ನಾನೇ ಹಂಚಿ ಬರ್ತೀನಿ."

ಧೈರ್ಯವೇನೋ ಸರಿ. ಆದರೆ ಅಣ್ಣನ ಸೈಕಲ್ಲಿನಲ್ಲಿ ಅವಳು ಕದ್ದು ಕಲಿತದ್ದು ಅರ್ಧ ವಿದ್ಯೆ. ಕಟ್ಟೆಯಿಂದ ಹತ್ತುವಳು, ಸೊಂಟ ಅತ್ತಿತ್ತ ಜಾರಿಸಿ ತುಳಿಯುವಳು. ಇಳಿಯುವುದೆಂದರೆ ಬಡಗಿಯ ಮನೆ ಹಿಂದಿನ ಮರದ ಪುಡಿಯ ರಾಶಿಯೊಳಗೆ ಬೀಳುವುದು. ಬೀದಿಯಲ್ಲಿ ಅಂಥ ರಾಶಿ ಎಲ್ಲಿಂದ ಬರಬೇಕು? ಬಿದ್ದರೆ ಬ್ರೆಡ್ಡೂ ಹೋಯಿತು, ಕೋಣೆಯೂ ಹೋಯಿತು.

ಹಾಗಾಗಿ ಅವಳು ನಿಲ್ಲಿಸಲೇ ಇಲ್ಲ. ಗಂಟೆ ಬಾರಿಸುತ್ತ, "ಕೈ ಚಾಚಿ, ಕೈ ಚಾಚಿ!" ಎಂದು ಕೂಗುತ್ತ, ಬುಟ್ಟಿಯಿಂದ ಬ್ರೆಡ್ ಎಸೆಯುತ್ತ ಬಂದಳು. ದರ್ಜಿ ಕಿಟಕಿಯಿಂದಲೇ ಹಿಡಿದ. ಶಾಲೆಯ ಮೇಡಂ ಕೊಡೆ ಮಗುಚಿ ಒಡ್ಡಿದರು. ಕ್ಷೌರದಂಗಡಿಯವನು ಅರ್ಧ ಗಡ್ಡದ ಗಿರಾಕಿಯನ್ನು ಬಿಟ್ಟು ಓಡಿಬಂದ. ಇಡೀ ಬೀದಿ ನಗುತ್ತಿತ್ತು, ಅವಳಂತೂ ಎಲ್ಲರಿಗಿಂತ ಜೋರಾಗಿ.

ಬುಟ್ಟಿ ಖಾಲಿ ಮಾಡಿಕೊಂಡು ಬೇಕರಿಯ ಅಂಗಳಕ್ಕೆ ಬಂದವಳು ಯಜಮಾನನ ಸುತ್ತ ಸುತ್ತತೊಡಗಿದಳು.

"ಇಳಿಯಮ್ಮ, ಮಾತಾಡೋಣ."

"ಕೆಲಸ ನಂದೇ ಅಂತ ಮೊದ್ಲು ಹೇಳಿ."

ಇದೆಂಥ ಹಟ ಎಂದುಕೊಂಡು ಅವನೂ ಅವಳ ಜೊತೆಗೇ ತಿರುಗಿದ, ತಿರುಗಿದ, ಕೊನೆಗೆ ತೂರಾಡಿದ.

"ನಿಂದೇ ತಾಯಿ, ನಿಂದೇ! ನಂಗೆ ತಲೆ ಸುತ್ತುತ್ತಿದೆ!"

"ಕೋಣೆ?"

"ಅದೂ ನಿಂದೇ! ತಗೋ ಬೀಗದ ಕೈ, ದಮ್ಮಯ್ಯ, ಇಳಿ!"

"ಹಾಗಾದ್ರೆ ಗಟ್ಟಿಯಾಗಿ ಹಿಡ್ಕೊಳ್ಳಿ ಯಜಮಾನ್ರೇ," ಎಂದು ಅವಳು ಹ್ಯಾಂಡಲ್ಲನ್ನು ನೇರ ಅವನತ್ತ ತಿರುಗಿಸಿದಳು, "ನಂಗೆ ಇಳಿಯೋಕೆ ಬರಲ್ಲ!"