ಕೊನೆಯ ಸಾಲಿನ ಬೆರಳು

ನೀಲಕ್ಕ ಮಾತಾಡುವ ಮೊದಲು ಸುಮ್ಮನೆ ನಿಲ್ಲುತ್ತಿದ್ದಳು. ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಎದುರಿಗಿದ್ದವರನ್ನೆಲ್ಲ ನೋಡಿ, ಆಮೇಲೆ ಬಾಯಿ ತೆರೆಯುತ್ತಿದ್ದಳು. ಅಷ್ಟರಲ್ಲಿ ಇಡೀ ಕೋಣೆ ತಾನಾಗಿ ತಣ್ಣಗಾಗಿರುತ್ತಿತ್ತು. ಅವಳ ದನಿಯೇನೂ ದೊಡ್ಡದಲ್ಲ. ಪಕ್ಕದ ಮನೆಯಲ್ಲಿ ಸಾಸಿವೆ ಕೇಳುವಂಥ ದನಿ.

ದೊಡ್ಡ ದನಿ ಇದ್ದದ್ದು ಅವಳ ತಮ್ಮನಾದ ನನಗೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ದಾವಣಗೆರೆಯ ಖಾಸಗಿ ಬಸ್ ನಿಲ್ದಾಣದಲ್ಲಿ ಏಜೆಂಟನಾದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ‘ಹರಿಹರ, ಹರಿಹರ, ಹರಿಹರ’ ಎಂದು ಕೂಗುವುದೇ ಕೆಲಸ. ಜನ ಬಸ್ಸು ಹತ್ತುತ್ತಾರೆ, ಕೂಗಿದವನ ಮುಖ ನೋಡುವುದಿಲ್ಲ.

ಅಕ್ಕ ಸರಸ್ವತಿ ನಗರದ ನಮ್ಮ ಮನೆಯ ನಡುಕೋಣೆಯಲ್ಲಿ ಭಾನುವಾರ ಮಕ್ಕಳಿಗೆ ಭಾಷಣ ಮಾಡುವುದನ್ನು ಕಲಿಸುತ್ತಿದ್ದಳು. “ಕಾಲು ಊರಿ ನಿಲ್ರಿ, ತೂಗಾಡಬ್ಯಾಡ್ರಿ. ಮೊದಲ್ನೇ ಮಾತು ಚೀಟಿ ನೋಡ್ದೆ ಬರ್ಬೇಕು. ನಡುವೆ ಮರ್ತ್ರೆ ಮುಖದಾಗೆ ತೋರಿಸಬ್ಯಾಡ್ರಿ. ನೀವು ಏನು ಬಿಟ್ರಿ ಅಂತ ಕೇಳೋರಿಗೇನು ಗೊತ್ತು?” ಯಾರಾದರೂ ಗಡಿಬಿಡಿಯಲ್ಲಿ ಒದರಿದರೆ, “ಏ, ನಿಧಾನ! ನಮ್ಮ ಮಂಜನ ಬಸ್ ಹೊಂಟೈತೇನು?” ಎನ್ನುವಳು. ಮಕ್ಕಳು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಒಳಗೆ ಚುಚ್ಚುತ್ತಿತ್ತು.

ಕೊನೆಯ ಸಾಲಿನಲ್ಲಿ ನಂಬಿಕೆಯವರೊಬ್ಬರನ್ನು ಕೂಡಿಸಬೇಕು, ಮಾತು ಕೇಳಿಸದಿದ್ದರೆ ಅವರು ಬೆರಳೆತ್ತಬೇಕು. ಇದು ಅವಳ ಪದ್ಧತಿ. ಅವಳ ಪಾಲಿಗೆ ಆ ನಂಬಿಕೆಯವನು ನಾನು.

ಹರಿಹರದ ಶಾಲೆಯೊಂದರಲ್ಲಿ ಭಾಷಣ ಕಲಿಸಲು ಟೀಚರ್ ಬೇಕಾಗಿತ್ತು. ಕೆಲಸ ಕೇಳಿ ಬಂದವರು ಅಲ್ಲಿನ ಮೇಷ್ಟ್ರುಗಳ, ಮಕ್ಕಳ ಮುಂದೆ ಹತ್ತು ನಿಮಿಷ ಮಾತಾಡಿ ತೋರಿಸಬೇಕು. ಅಕ್ಕ ಆಸೆಪಟ್ಟು ಬೆನ್ನುಹತ್ತಿದ ಕೆಲಸ ಅದೊಂದೇ. ನಾನೂ ಜೊತೆಗೆ ಹೋಗಿ ಕೊನೆಯ ಸಾಲಿನಲ್ಲಿ ಕೂತೆ.

ಅವಳ ಮೊದಲ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಪಿಸುಗುಡುತ್ತಿದ್ದ ಹುಡುಗರು ಸುಮ್ಮನಾದರು. ಹೆಡ್‌ಮಾಸ್ಟರು ಪೆನ್ನು ಕೆಳಗಿಟ್ಟು ಮುಂದಕ್ಕೆ ಬಾಗಿದರು. ಇಷ್ಟು ವರ್ಷ ಗಂಟಲು ಹರಿದುಕೊಂಡ ನನ್ನ ಕಡೆ ಒಬ್ಬರೂ ಹಾಗೆ ಬಾಗಿರಲಿಲ್ಲ. ನನ್ನ ಬೆರಳು ಮೇಲೆದ್ದಿತು. ಅದು ಹೊಟ್ಟೆಕಿಚ್ಚು, ಬೇರೆ ಹೆಸರಿಲ್ಲ.

ಅಕ್ಕ ದನಿ ಏರಿಸಿದಳು. ಮತ್ತೆ ಬೆರಳೆತ್ತಿದೆ. ಇನ್ನೂ ಏರಿಸಿದಳು. ಮೂರನೆಯ ಸಲಕ್ಕೆ ಅವಳು ಕೂಗುತ್ತಿದ್ದಳು, ಥೇಟ್ ನನ್ನ ಹಾಗೆ. ದನಿ ಒಡೆಯಿತು, ಕೆಮ್ಮು ಹತ್ತಿತು, ಹುಡುಗರು ನಕ್ಕರು. ಕೆಲಸ ಬೇರೆಯವರಿಗೆ ಹೋಯಿತು.

ಬಸ್ಸಿನಲ್ಲಿ ವಾಪಸು ಬರುವಾಗ ಕೇಳಿದಳು: “ಅಷ್ಟೂ ಕೇಳ್ತಿರ್ಲಿಲ್ಲೇನೋ ಮಂಜ?”

“ಫ್ಯಾನಿನ ಸದ್ದು ಜೋರಿತ್ತಕ್ಕ.”

“ಹೌದೇನು? ನಾನು ಫ್ಯಾನ್ ಕಡೆ ನೋಡ್ಲೇ ಇಲ್ಲ ನೋಡು. ನೀ ಇದ್ದಿದ್ದು ಚಲೋ ಆತು.”

ಮುಂದಿನ ಭಾನುವಾರ ಅವಳ ಪಾಠಕ್ಕೆ ಹೊಸದೊಂದು ಸೇರಿತು: ಬಾಯಿ ತೆರೆಯುವ ಮೊದಲು ಫ್ಯಾನ್ ಆರಿಸಬೇಕು. ಅಂದಿನಿಂದ ಪ್ರತಿ ಬೇಸಿಗೆ ಮಕ್ಕಳು ಬೆವರು ಒರೆಸಿಕೊಳ್ಳುತ್ತಲೇ ಭಾಷಣ ಮಾಡಿದರು. ನಾನು ಹಿಂದೆ ಕೂತು ಅವರಿಗಿಂತ ಹೆಚ್ಚು ಬೆವರಿದೆ.

ಹೋದ ಚಳಿಗಾಲದಲ್ಲಿ ಜ್ವರ ಬಂದು ಅಕ್ಕ ಐದೇ ದಿನದಲ್ಲಿ ತೀರಿಕೊಂಡಳು. ಆಸ್ಪತ್ರೆಯಲ್ಲಿ ಅವಳಿಗೆ ದನಿಯೇ ಉಳಿದಿರಲಿಲ್ಲ. “ಕೇಳ್ತೈತೇನೋ?” ಎಂದಳು. ತಲೆಯಾಡಿಸಿದೆ. ಎಲ್ಲ ಹೇಳಿಬಿಡಬೇಕೆಂದು ಬಾಗಿದವನು, “ಎಳನೀರು ತರ್ಲೇನಕ್ಕ?” ಎಂದು ಕೇಳಿ ಹೊರಗೆ ಬಂದೆ.

ಏಪ್ರಿಲ್‌ನಲ್ಲಿ ಅವಳ ವಿದ್ಯಾರ್ಥಿಗಳು ಅವಳ ನೆನಪಿಗೆಂದು ಕೆ.ಬಿ. ಬಡಾವಣೆಯ ಒಂದು ಸಣ್ಣ ಹಾಲ್‌ನಲ್ಲಿ ಸೇರಿದ್ದರು. ನಾನು ಕೊನೆಯ ಸಾಲಿನಲ್ಲೇ ಕೂತೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು, ಮೊದಲು ಗೋಡೆಯ ಹತ್ತಿರ ಹೋಗಿ ಫ್ಯಾನ್‌ಗಳನ್ನೆಲ್ಲ ಆರಿಸಿದಳು. ಕಾಲು ಊರಿ ನಿಂತಳು. ನನ್ನನ್ನು ನೋಡಿ, “ಮಾಮ, ಕೇಳ್ತೈತೇನ್ರಿ?” ಎಂದಳು.

ಎರಡೂ ಕೈ ತೊಡೆಯ ಕೆಳಗೆ ಒತ್ತಿಕೊಂಡಿದ್ದವನು ಎದ್ದು ನಿಂತೆ. “ಕೇಳ್ತೈತವ್ವ. ಫ್ಯಾನ್ ಹಾಕು. ಅವತ್ತು ಹರಿಹರದಾಗೂ ನಂಗೆ ಕೇಳಿತ್ತು. ಸದ್ದು ಅಂದಿದ್ದು ಸುಳ್ಳು.” ಬಸ್ ನಿಲ್ದಾಣ ತುಂಬುವ ದನಿ ಮುಂದಿನ ಕುರ್ಚಿಗೂ ಮುಟ್ಟಲಿಲ್ಲ.

ಹುಡುಗಿ, ಮಿಸ್ ಕಲಿಸಿದ ಹಾಗೆ, ನನ್ನ ಕಡೆ ಬೆರಳೆತ್ತಿದಳು.

ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಸುಮ್ಮನೆ ನಿಂತೆ. ಆಮೇಲೆ ಮೊದಲಿನಿಂದ ಹೇಳಿದೆ.