ವರ್ಗೀಸ್ ಚೇಟನ ಬಲಗೈ

ಕಳೆದ ವಾರ ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ನನ್ನ ಸರದಿಗಾಗಿ ಕಾಯುತ್ತಾ ಕೂತಿದ್ದೆ. ಕುತ್ತಿಗೆ ನೋವು, ಜೊತೆಗೆ ಎಡಗೈಯ ಎರಡು ಬೆರಳುಗಳಲ್ಲಿ ಜೋಮು. ಎದುರಿನ ಗೋಡೆಯಲ್ಲಿ ಬಣ್ಣದ ಚಿತ್ರವೊಂದಿತ್ತು. ಕುತ್ತಿಗೆಯ ಎಲುಬಿನ ಸಂದಿಯಿಂದ ಹಳದಿ ದಾರದಂಥ ಐದು ನರಗಳು ಹೊರಟು, ಒಂದಕ್ಕೊಂದು ಸೇರಿ, ಬೇರೆಯಾಗಿ, ಪುನಃ ಸೇರಿ, ಕಂಕುಳಿನ ಮೂಲಕ ಬೆರಳ ತುದಿಯವರೆಗೆ ಇಳಿದಿದ್ದವು. ಪಕ್ಕದಲ್ಲಿದ್ದ ಹೆಂಗಸು ಕೇಳಿದರು, "ಇದೆಂತದು ಮಾರಾಯ್ರೆ, ಮರದ ಬೇರಾ?"

"ನರ. ಭುಜಕ್ಕೂ ಕೈಗೂ ಹೋಗುವಂಥದ್ದು" ಎಂದೆ.

"ನೀವು ಡಾಕ್ಟ್ರಾ?"

"ಅಲ್ಲ, ಮಾಸ್ಟ್ರು. ಈಗ ಪೆನ್ಶನ್."

ಅವರಿಗೆ ನನ್ನ ಮೇಲಿದ್ದ ಆಸಕ್ತಿ ಅಲ್ಲಿಗೆ ಮುಗಿಯಿತು. ನನ್ನದು ಮಾತ್ರ ಆ ಚಿತ್ರದಲ್ಲೇ ಸಿಕ್ಕಿಕೊಂಡಿತು. ವಿಜ್ಞಾನದ ಮೇಷ್ಟರಾಗಿದ್ದರೂ ಈ ನರಗಳ ಪಾಠ ನನಗೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಕಡಬದ ರಬ್ಬರ್ ಕೃಷಿಕರೊಬ್ಬರ ಬಲಗೈಯಿಂದ ಬಂತು. ಆ ಕೈಯನ್ನು ಹಾಳು ಮಾಡಿದವನೂ ನಾನೇ.

ಎಂಬತ್ತರ ದಶಕದ ಆರಂಭ. ಈಶ್ವರಮಂಗಲದ ಕಡೆಯವನಾದ ನಾನು ಕಡಬದ ಹತ್ತಿರ ಹೈಸ್ಕೂಲಿಗೆ ಸೇರಿ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ನೆರೆಯವರು ವರ್ಗೀಸ್ ಚೇಟ ಮತ್ತು ಅವರ ಹೆಂಡತಿ ಏಲಿಯಮ್ಮ ಚೇಚಿ. ಕೇರಳದಿಂದ ಬಂದು ಗುಡ್ಡ ಕಡಿದು ರಬ್ಬರ್ ಹಾಕಿದವರು; ಮಲಯಾಳದ ಚೇಟ, ಚೇಚಿ ಎಂದರೆ ನಮ್ಮ ಅಣ್ಣ, ಅಕ್ಕ. ನಲುವತ್ತು ದಾಟಿದ ಚೇಟ ಮರದ ತೊಗಟೆಗೆ ಕತ್ತಿಯಿಟ್ಟು ಎಳೆದರೆ ಸಿಪ್ಪೆ ಒಂದೇ ದಪ್ಪದ ಪಟ್ಟಿಯಾಗಿ ಸುರುಳಿ ಸುತ್ತಿ ಬೀಳುತ್ತಿತ್ತು. ಆಳ ಹೋದರೆ ಮರಕ್ಕೆ ಗಾಯ, ಮೇಲೆಮೇಲೆ ಹೋದರೆ ಹಾಲಿಲ್ಲ. "ಇದು ಕಣ್ಣಿನ ಕೆಲಸ ಅಲ್ಲ ಮಾಷೆ, ಕೈಗೇ ಗೊತ್ತುಂಟು" ಎನ್ನುತ್ತಿದ್ದರು. ಮೇಷ್ಟರೆಂಬ ಪದ ಅವರ ಬಾಯಲ್ಲಿ 'ಮಾಷೆ' ಆಗಿತ್ತು.

ನಾನು ಸೆಕೆಂಡ್ ಹ್ಯಾಂಡ್ ಬೈಕೊಂದನ್ನು ಕೊಂಡು ಆಗ ಒಂದು ತಿಂಗಳು. ಬೈಕು ಬಿಡಲು ಬರುತ್ತದೆಂದು ನನಗೆ ಮಾತ್ರ ಖಾತ್ರಿಯಿತ್ತು. ಒಂದು ಶನಿವಾರ ರಬ್ಬರ್ ಸಸಿ ನೋಡಿ ಬರಲು ಚೇಟ ಗುತ್ತಿಗಾರಿಗೆ ಹೊರಟಾಗ, ಬಸ್ಸು ಯಾಕೆ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಹೋಗುವಾಗ ಏನೂ ಆಗಲಿಲ್ಲ. ಬರುವಾಗ ಇಳಿಜಾರಿನ ತಿರುವಿನಲ್ಲಿ, ಮುಂದೆ ಹೋಗುತ್ತಿದ್ದ ಜೀಪನ್ನು ಹಿಂದೆ ಹಾಕುವ ಹುಮ್ಮಸ್ಸಿನಲ್ಲಿ ನಾನು ಬ್ರೇಕು ಹಿಡಿಯಲಿಲ್ಲ. ಜಲ್ಲಿಯ ಮೇಲೆ ಚಕ್ರ ಜಾರಿತು. ನನ್ನ ಮೊಣಕಾಲು ತರಚಿತು, ಅಷ್ಟೇ. ಚೇಟ ಹಾರಿ ಬಲಭುಜದ ಮೇಲೆ ಬಿದ್ದರು. ತಲೆ ಒಂದು ಕಡೆಗೆ, ಭುಜ ಇನ್ನೊಂದು ಕಡೆಗೆ ಸೆಳೆದಂತಾಗಿತ್ತು. ಎದ್ದು ಕೂತು, ಎಡಗೈಯಿಂದ ಬಲಗೈಯನ್ನು ಎತ್ತಿ ನೋಡಿ, "ಮಾಷೆ, ಇದು ನನ್ನದಲ್ಲದ ಹಾಗೆ ಉಂಟಲ್ಲ" ಎಂದರು.

ಪುತ್ತೂರಿನ ವಯಸ್ಸಾದ ಡಾಕ್ಟರರೊಬ್ಬರು ಪರೀಕ್ಷಿಸಿದರು. ಎಲುಬು ಮುರಿದಿರಲಿಲ್ಲ. ಆದರೂ ಕೈ ಪಕ್ಕಕ್ಕೆ ಜೋತುಬಿದ್ದು, ಒಳಕ್ಕೆ ತಿರುಗಿ, ಅಂಗೈ ಹಿಂದಕ್ಕೆ ಮುಖ ಮಾಡಿತ್ತು, ಬೆನ್ನ ಹಿಂದಿನಿಂದ ಯಾರೋ ಗುಟ್ಟಾಗಿ ಏನೋ ಕೊಡುತ್ತಾರೆಂದು ಕಾಯುವವರ ಹಾಗೆ. ವಿಚಿತ್ರವೆಂದರೆ ಬೆರಳುಗಳು ಆಡುತ್ತಿದ್ದವು! ಪೆನ್ನು ಕೊಟ್ಟರೆ ಗಟ್ಟಿಯಾಗಿ ಹಿಡಿಯುತ್ತಿದ್ದರು, ಆದರೆ ಅದನ್ನು ಕಿಸೆಗೆ ಸಿಕ್ಕಿಸಲಾಗುತ್ತಿರಲಿಲ್ಲ. ನೀವೇ ಒಮ್ಮೆ ಕೈಯನ್ನು ಬಾಯಿಗೆ ಒಯ್ದು ನೋಡಿ. ತುತ್ತು ಹಿಡಿಯುವ ಕೆಲಸ ಒಂದು, ಎತ್ತುವ ಕೆಲಸ ಇನ್ನೊಂದು ಎಂದು ಎಂದಾದರೂ ಅನಿಸಿತ್ತೇ? ನನಗಂತೂ ಅನಿಸಿರಲಿಲ್ಲ.

ಇದು ಹೇಗೆ ಎಂದು ಕೇಳಿದೆ. ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದರು. ಕುತ್ತಿಗೆಯಿಂದ ಐದು ಬೇರು. ಅವು ಸೇರಿ ಮೂರು ಕಾಂಡ. ಪ್ರತಿಯೊಂದೂ ಎರಡಾಗಿ ಸೀಳಿ, ಆ ಸೀಳುಗಳು ಅದಲುಬದಲಾಗಿ ಕೂಡಿ ಪುನಃ ಮೂರು ಹಗ್ಗ. ಕೊನೆಗೆ ತೋಳಿಗೆ ಇಳಿಯುವ ದೊಡ್ಡ ನರಗಳು. ಮೇಲಿನ ಎರಡು ಬೇರುಗಳು ಭುಜ ಎತ್ತುವುದಕ್ಕೆ, ಮೊಣಕೈ ಮಡಚುವುದಕ್ಕೆ. ಕೆಳಗಿನವು ಹೆಚ್ಚಾಗಿ ಬೆರಳಿಗೆ. ಚೇಟನಿಗೆ ಎಳೆದುಹೋದದ್ದು ಮೇಲಿನವು. ಹಾಗಾದರೆ ನೇರವಾಗಿ ಹೋಗದೆ ಇಷ್ಟು ಗಂಟು ಯಾಕೆ, ಕಾಲಿಗೂ ಹೀಗೆಯೇ ಉಂಟಾ, ಎಲ್ಲರಿಗೂ ಒಂದೇ ತರವಾ ಎಂದು ನಾನು ಕೇಳುತ್ತಲೇ ಹೋದೆ. ಡಾಕ್ಟರು ಕನ್ನಡಕ ತೆಗೆದು, "ಪೇಶೆಂಟ್ ಯಾರು, ನೀವಾ ಅವರಾ?" ಎಂದರು.

ಆಮೇಲೆ ಚೇಟನ ಕಡೆಗೆ ತಿರುಗಿ ಹೇಳಿದರು: "ಪೂರ್ತಿ ಕಡಿದುಹೋಗದಿದ್ರೆ ಪುನಃ ಬೆಳೀತದೆ. ತಿಂಗಳಿಗೆ ಒಂದು ಇಂಚು. ಕಾಯಬೇಕು. ಭರವಸೆ ಕೊಡ್ಲಿಕ್ಕೆ ಆಗುದಿಲ್ಲ."

ತಿಂಗಳಿಗೆ ಒಂದು ಇಂಚು! ನನ್ನ ತಪ್ಪನ್ನು ಅಳೆಯಲು ನನಗೊಂದು ಸ್ಕೇಲು ಸಿಕ್ಕಿದಂತಾಯಿತು. ಪ್ರತಿ ಭಾನುವಾರ ಅವರು ಇಗರ್ಜಿಯ ಪ್ರಾರ್ಥನೆ ಮುಗಿಸಿ ಬಂದ ಮೇಲೆ ಗುಂಡುಸೂಜಿ, ನೀಲಿ ಪೆನ್ನು, ನೋಟುಪುಸ್ತಕ ಹಿಡಿದು ಹೋಗುತ್ತಿದ್ದೆ. ಚೇಟ ಕಣ್ಣು ಮುಚ್ಚಿ ಕೂರುವುದು, ನಾನು ಭುಜದ ಹೊರಬದಿಯಿಂದ ಹೆಬ್ಬೆರಳಿನವರೆಗೆ ಮೆಲ್ಲನೆ ಚುಚ್ಚುತ್ತಾ "ಗೊತ್ತಾಗ್ತದಾ?" ಎಂದು ಕೇಳುವುದು, ಸ್ಪರ್ಶವಿಲ್ಲದ ಜಾಗದ ಗಡಿಯನ್ನು ಪೆನ್ನಿನಿಂದ ಎಳೆದು ಪುಸ್ತಕಕ್ಕೆ ಇಳಿಸುವುದು. ಏಲಿಯಮ್ಮ ಚೇಚಿ ಒಮ್ಮೆ ಚಾ ತಂದಿಟ್ಟು, "ಮಾಷೆ, ಇವರು ನಿಮ್ಮ ಶಾಲೆಯ ಕಪ್ಪೆ ಅಲ್ಲ" ಎಂದರು. ಅವರ ಬೆರಳುಗಳ ತುಂಬ ಗಾಯ. ಗಂಡನ ಕತ್ತಿ ಹಿಡಿದು ಅವರೀಗ ಮರದ ತೊಗಟೆ ಕೊಯ್ಯಲು ಕಲಿಯುತ್ತಿದ್ದರು. ಚೇಟ ಮರದ ಪಕ್ಕ ನಿಂತು ಬಾಯಲ್ಲೇ ಹೇಳಿಕೊಡುತ್ತಿದ್ದರಂತೆ; ಕೈಗೆ ಗೊತ್ತಿದ್ದದ್ದನ್ನು ಬಾಯಿಗೆ ತರಲಾಗದೆ ಇಬ್ಬರೂ ಜಗಳವಾಡುತ್ತಿದ್ದರಂತೆ.

ಊಟಕ್ಕೆ ಮೊದಲು ಶಿಲುಬೆಯ ಗುರುತು ಮಾಡುವಾಗ ಚೇಟ ಎಡಗೈಯಿಂದ ಬಲಗೈಯನ್ನು ಎತ್ತಿ ಹಣೆಗೆ ಮುಟ್ಟಿಸುತ್ತಿದ್ದರು. ಆ ಹೊತ್ತಿಗೆ ನಾನು ಅಂಗಳ ನೋಡುತ್ತಿದ್ದೆ.

ಆದರೂ ನನ್ನ ಪುಸ್ತಕ ಒಳ್ಳೆಯ ಸುದ್ದಿ ಹೇಳುತ್ತಿತ್ತು. ಎರಡನೆಯ ತಿಂಗಳಲ್ಲಿ ಭುಜದಲ್ಲಿ ಗಡಿ ಹಿಂದೆ ಸರಿಯಿತು. ಮೂರನೆಯದರಲ್ಲಿ ಹೆಬ್ಬೆರಳಿನ ಬುಡದಲ್ಲೂ "ಹಾಂ, ಸ್ವಲ್ಪ ಗೊತ್ತಾಗ್ತದೆ ಮಾಷೆ" ಎಂದರು. ಇಂಚಿನ ಲೆಕ್ಕಕ್ಕೆ ಅದು ಕೂಡುತ್ತಿರಲಿಲ್ಲ. ನರ ಅಲ್ಲಿಯವರೆಗೆ ಬರಲು ಎರಡು ವರ್ಷವೇ ಬೇಕು. ನಾನೇನೋ ಹೊಸತನ್ನು ಕಂಡುಹಿಡಿದೆನೆಂದು ಡಾಕ್ಟರಿಗೆ ಉದ್ದ ಕಾಗದ ಬರೆದೆ. ಉತ್ತರ ಬರಲಿಲ್ಲ.

ಏಳನೆಯ ತಿಂಗಳ ಒಂದು ಭಾನುವಾರ ತೋಳಿನ ಹೊರಬದಿಗೆ ಸೂಜಿ ಮುಟ್ಟಿಸಿದೆ. "ಅಮ್ಮೇ!" ಎಂದು ಕೂಗಿ ಚೇಟ ಕೈ ಸೆಳೆದುಕೊಂಡರು. ಹೌದು, ಸೆಳೆದುಕೊಂಡರು. ಮೊಣಕೈ ತಾನಾಗಿ ಒಂದಿಷ್ಟು ಮಡಚಿತ್ತು. ಅಡುಗೆಮನೆಯಿಂದ ಓಡಿಬಂದ ಚೇಚಿ ಆ ಕೈಯನ್ನು ನೋಡಿ, "ಇನ್ನೊಮ್ಮೆ ಮಡಚಿ" ಎಂದರು.

ನನಗೆ ಮಾತ್ರ ಬೇರೆಯೇ ಯೋಚನೆ. "ಹಾಗಾದ್ರೆ ಇಷ್ಟು ದಿನ ಗೊತ್ತಾಗ್ತದೆ ಅಂತ ಹೇಳಿದ್ದು?"

ಚೇಟ ತಲೆ ತಗ್ಗಿಸಿದರು. "ಎಂತ ಮಾಡುದು ಮಾಷೆ? ಇಲ್ಲ ಅಂದ್ರೆ ನಿಮ್ಮ ಮುಖ ನೋಡ್ಲಿಕ್ಕೆ ಆಗ್ತಿರ್ಲಿಲ್ಲ. ಕಣ್ಣು ಸ್ವಲ್ಪ ತೆರೆದು, ಸೂಜಿ ಎಲ್ಲಿ ಉಂಟು ಅಂತ ನೋಡಿ ಹೇಳ್ತಿದ್ದೆ."

ಆರು ತಿಂಗಳ ಸಂಶೋಧನೆ ನೀರಿಗೆ ಹೋಯಿತು. ಅದರೊಂದಿಗೆ, ನಾನು ಗಂಟಲಲ್ಲೇ ಹಿಡಿದಿಟ್ಟುಕೊಂಡಿದ್ದದ್ದೂ ಹೊರಬಂತು. "ಚೇಟ, ಜಲ್ಲಿಯಲ್ಲಿ ಸುಮ್ಮನೆ ಜಾರಿದ್ದಲ್ಲ. ನಾನು ಜೀಪಿನ ಮುಂದೆ ಹೋಗ್ಬೇಕು ಅಂತ ಬ್ರೇಕು ಹಿಡಿಯಲಿಲ್ಲ."

ಅವರು ನಕ್ಕರು. "ಗೊತ್ತುಂಟು ಮಾಷೆ. ಹಿಂದೆ ಕೂತದ್ದು ನಾನಲ್ವಾ?"

ಅವರ ಕೈ ಪೂರ್ತಿ ಬರಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ತುತ್ತು ಬಾಯಿಗೆ ಮುಟ್ಟಿತು, ಆಮೇಲೆ ಬೆರಳು ಹಣೆಗೂ ಮುಟ್ಟಿತು. ಭುಜದ ಮಟ್ಟಕ್ಕಿಂತ ಮೇಲೆ ತೋಳು ಏಳಲೇ ಇಲ್ಲ. ಮರದ ಕೆಳಗಿನ ಕೊಯ್ತ ಚೇಟನದು, ಮೇಲಿನದು ಚೇಚಿಯದು ಎಂದಾಯಿತು. ಚೇಚಿ ತೆಗೆದ ಸಿಪ್ಪೆಯೇ ಹೆಚ್ಚು ತೆಳು ಎಂದು ಚೇಟನೇ ಒಪ್ಪಿಕೊಂಡಿದ್ದರು. ಅವರು ತೀರಿಕೊಂಡು ಈಗ ಕೆಲವು ವರ್ಷಗಳಾದವು.

ನನ್ನ ಹೆಸರು ಕರೆದರು. ಒಳಗಿದ್ದ ಡಾಕ್ಟರು ಚಿಕ್ಕ ಪ್ರಾಯದ ಹುಡುಗಿ, ಬಹುಶಃ ಕೆಲಸಕ್ಕೆ ಹೊಸಬಳು. ನನ್ನ ಎಡಗೈಯನ್ನು ಮೇಜಿನ ಮೇಲಿರಿಸಿ, ಕಣ್ಣು ಮುಚ್ಚಲು ಹೇಳಿ, ಸಣ್ಣ ಸೂಜಿಯೊಂದನ್ನು ಕಿರುಬೆರಳಿಗೆ ಮುಟ್ಟಿಸಿರಬೇಕು. "ಗೊತ್ತಾಗ್ತದಾ ಸರ್?" ಎಂದಳು. ಆ ದನಿಯಲ್ಲಿ ಎಷ್ಟೊಂದು ಆಸೆಯಿತ್ತೆಂದರೆ, "ಹಾಂ, ಸ್ವಲ್ಪ" ಎಂಬ ಮಾತು ನನ್ನ ನಾಲಗೆಯ ತುದಿಗೇ ಬಂದುಬಿಟ್ಟಿತು. ಅಷ್ಟು ವರ್ಷಗಳ ಹಿಂದೆ ನನ್ನ ಸೂಜಿಯ ಎದುರು ಕೂತ ಚೇಟನಿಗೆ ಪ್ರತಿ ಭಾನುವಾರ ಏನಾಗುತ್ತಿತ್ತೆಂದು ಆಗ ತಿಳಿಯಿತು.

ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡು ಹೇಳಿದೆ: "ಇಲ್ಲ ಡಾಕ್ಟ್ರೆ. ಎಂತದೂ ಗೊತ್ತಾಗುದಿಲ್ಲ."