ಉಪ್ಪು ಬಿದ್ದ ಶನಿವಾರ

ನಮ್ಮ ಪ್ರಾತೊ ಊರಿನಲ್ಲಿ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಹಿಂದೆ ಯಾವಾಗಲೋ ಪೀಸಾದವರು ಸಿಟ್ಟಿನಿಂದ ಈ ಕಡೆಗೆ ಉಪ್ಪು ಬರದಂತೆ ತಡೆದರಂತೆ. ಹಾಗಾದರೆ ನಿಮ್ಮ ಉಪ್ಪು ನೀವೇ ನೆಕ್ಕಿಕೊಳ್ಳಿ ಎಂದು ನಮ್ಮವರು ಬಿಟ್ಟೇಬಿಟ್ಟರಂತೆ. ನಿಜವೋ ಸುಳ್ಳೋ, ಹಟ ಮಾತ್ರ ಉಳಿದುಕೊಂಡಿದೆ. ಉಪ್ಪಿಗಿಂತ ರುಚಿಯಿಲ್ಲ ಎನ್ನುವ ಗಾದೆ ಲೋಕಕ್ಕೆಲ್ಲ ಸಲ್ಲಬಹುದು, ಬಿಸೆಂತ್ಸಿಯೊ ಹೊಳೆಯ ಪಕ್ಕದ ನಮ್ಮ ಬೀದಿಗೆ ಸಲ್ಲದು. ಹಂದಿಮಾಂಸದಲ್ಲಿ ಉಪ್ಪಿದೆ, ಚೀಸಿನಲ್ಲಿ ಉಪ್ಪಿದೆ, ನಮ್ಮ ನಾಲಿಗೆಯಲ್ಲಂತೂ ಉಪ್ಪು ಖಾರ ಎರಡೂ ಬೇಕಾದಷ್ಟಿವೆ. ಬ್ರೆಡ್ಡಾದರೂ ಸುಮ್ಮನಿರಲಿ.

ಆ ಬ್ರೆಡ್ಡನ್ನು ಬೀದಿಗೆಲ್ಲ ಸುಡುವವಳು ಫೋಸ್ಕಾ. ಅವಳ ಅಂಗಡಿಯ ಎದುರಿನ ಮನೆಯೇ ನನ್ನದು. ಮಗ್ಗದಿಂದ ಇಳಿದ ಉಣ್ಣೆಬಟ್ಟೆಯಲ್ಲಿ ಎಳೆ ತಪ್ಪಿದ ಕಡೆ, ಗಂಟು ಬಿದ್ದ ಕಡೆ ಬೆರಳಾಡಿಸಿ ಹುಡುಕಿ, ಸೂಜಿಯಿಂದ ಸರಿಮಾಡಿ ಕಳಿಸುವುದು ನನ್ನ ಕಸುಬು. ಬೆಳಕು ಬೇಕಲ್ಲ, ಅದಕ್ಕೆ ಇಡೀ ದಿನ ಕಿಟಕಿಯ ಬಳಿ ಕೂತಿರುತ್ತೇನೆ. ನೆಲ್ಲಾ, ತಪ್ಪು ಹುಡುಕಿ ಹುಡುಕಿ ನಿನ್ನ ಸ್ವಭಾವವೇ ಹಾಗಾಗಿದೆ ಎಂದು ನನ್ನ ಗಂಡ ಬದುಕಿದ್ದಾಗ ಹೇಳುತ್ತಿದ್ದ. ಅವನ ವಿಷಯದಲ್ಲಿ ಹುಡುಕುವ ಕಷ್ಟವೇ ಇರಲಿಲ್ಲ, ಎಲ್ಲ ಮೇಲೆಯೇ ಕಾಣುತ್ತಿತ್ತು.

ಫೋಸ್ಕಾ ಹುಟ್ಟಿದ್ದು ಒಲೆಯ ಮೇಲಿನ ಕೋಣೆಯಲ್ಲಿ. ಹೊಗೆಗೂಡು ಆ ಕೋಣೆಯ ಗೋಡೆಯೊಳಗಿಂದ ಹಾದುಹೋಗುವುದರಿಂದ ಎಂಥ ಚಳಿಗಾಲದಲ್ಲೂ ಗೋಡೆ ಬೆಚ್ಚಗಿರುತ್ತಿತ್ತು. ಚಿಕ್ಕವರಿದ್ದಾಗ ನಾವಿಬ್ಬರೂ ಆ ಗೋಡೆಗೆ ಬೆನ್ನು ಕೊಟ್ಟು ಕೂತು ಎಷ್ಟು ಜಗಳವಾಡಿದ್ದೇವೋ ಲೆಕ್ಕವಿಲ್ಲ. ಆಗಲೇ ಅವಳ ಮೂಗು ಬೀದಿಗೆಲ್ಲ ಪ್ರಸಿದ್ಧವಾಗಿತ್ತು. ಯಾರ ಮನೆಯಲ್ಲಿ ಮೀನು ಹುರಿದರು, ಯಾರು ಯಾವ ಹೆಂಡದಂಗಡಿಯಲ್ಲಿ ಕೂತು ಬಂದರು, ಎಲ್ಲ ಅವಳಿಗೆ ಗೊತ್ತಾಗುತ್ತಿತ್ತು. ಪಕ್ಕದ ಮನೆಯಲ್ಲಿ ಮಗ್ಗ ಇಟ್ಟುಕೊಂಡಿರುವ ವಾಸ್ಕೊ ಮದುವೆಯಾದ ಮೇಲೆ ಬ್ರೆಡ್ಡು ಕೊಳ್ಳಲು ಹೆಂಡತಿಯನ್ನೇ ಕಳಿಸುತ್ತಿದ್ದ, ಹೆಂಡದ ವಾಸನೆ ಹಿಡಿದಾಳೆಂದು ಅಷ್ಟು ಭಯ.

ದಿನವೂ ಒಲೆಯಿಂದ ತೆಗೆದ ಮೊದಲ ಬ್ರೆಡ್ಡನ್ನು ಅವಳು ಮುರಿಯುವಳು. ಆವಿ ಏಳುತ್ತಿರುವಾಗಲೇ ಅದರೊಳಗೆ ಮೂಗಿಟ್ಟು, ಚೂರು ಬಾಯಿಗೆ ಹಾಕಿಕೊಂಡು, ಆಮೇಲೆಯೇ ಅಂಗಡಿಯ ಬಾಗಿಲು ಎತ್ತುವಳು. ಅವಳ ಅಪ್ಪ ದುಯೀಲಿಯೊ ಮಾಡುತ್ತಿದ್ದದ್ದೂ ಹಾಗೆಯೇ.

ಆ ದುಯೀಲಿಯೊಗೆ ವಯಸ್ಸಾದ ಮೇಲೆ ಕಣ್ಣು ಮಂಜಾಯಿತು. ಬ್ರೆಡ್ಡು ಸೀಯತೊಡಗಿತು. ಒಂದು ಬೆಳಿಗ್ಗೆ ಅಂಗಡಿಯ ತುಂಬ ಜನರಿದ್ದಾಗ ಫೋಸ್ಕಾ ಅಪ್ಪನ ಕೈಯಿಂದ ಹಲಗೆ ತೆಗೆದುಕೊಂಡಳು. ಹಲಗೆ ಎಂದರೆ ಒಲೆಗೆ ಬ್ರೆಡ್ಡು ಹಾಕಿ ತೆಗೆಯುವ ಉದ್ದ ಹಿಡಿಯ ಮರದ ಹಲಗೆ. ಅದು ಯಾರ ಕೈಯಲ್ಲಿದೆಯೋ ಅವರೇ ಒಲೆಯ ಯಜಮಾನರು. "ಅಪ್ಪಾ, ಸಾಕು ಬಿಡಿ," ಎಂದಳು. ಅವನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಹೋಗಿ ಕೂತ. ಸಾಯುವ ತನಕ ಅಲ್ಲೇ ಕೂತು, ಬಂದವರನ್ನು ದನಿಯಿಂದ ಗುರುತು ಹಿಡಿದು ಮಾತಾಡಿಸುತ್ತಿದ್ದ. ಬೀದಿಯವರೆಲ್ಲ ಫೋಸ್ಕಾ ಮಾಡಿದ್ದೇ ಸರಿ ಎಂದರು. ಒಪ್ಪದವಳು ಅವಳೊಬ್ಬಳೇ. ಆ ಕುರ್ಚಿಯನ್ನು ಅವಳು ಅಲ್ಲಿಂದ ಕದಲಿಸಲಿಲ್ಲ, ಅದರಲ್ಲಿ ಯಾರೂ ಕೂರಲೂ ಇಲ್ಲ.

ಅವಳ ಮಗ ಸೌರೊ ನೂಲಿನ ಲಾರಿ ಓಡಿಸುತ್ತಾನೆ. ದಕ್ಷಿಣಕ್ಕೆ ಹೋದವನು ಪುಲಿಯಾ ಸೀಮೆಯಿಂದ ಅಸ್ಸುಂತಾಳನ್ನು ಮದುವೆ ಮಾಡಿಕೊಂಡು ಬಂದ. ಆ ಸೀಮೆಯವರು ಬ್ರೆಡ್ಡಿಗೆ ಉಪ್ಪು ಹಾಕುವವರು. ಬಂದ ಮೊದಲ ದಿನ ಊಟಕ್ಕೆ ಕೂತು, ಅತ್ತೆಯ ಬ್ರೆಡ್ಡನ್ನು ಒಂದು ತುತ್ತು ತಿಂದು, ಈ ಹುಡುಗಿ ಮೆಲ್ಲಗೆ ಉಪ್ಪಿನ ಬಟ್ಟಲು ಕೇಳಿದಳಂತೆ. ಕತ್ತಲಾಗುವುದರೊಳಗೆ ಸುದ್ದಿ ಹೊಳೆ ದಾಟಿತ್ತು. ಅವತ್ತಿನಿಂದ ಅವಳಿಗೆ ಉಪ್ಪಿನ ಸೊಸೆ ಎಂದೇ ಹೆಸರು. ಅತ್ತೆ ಸೊಸೆ ಜಗಳವಾಡಿದವರಲ್ಲ, ಹಾಗೆಂದು ಕೂತು ನಕ್ಕವರೂ ಅಲ್ಲ. ಒಬ್ಬಳು ಒಲೆಯ ಬಳಿ, ಒಬ್ಬಳು ದುಡ್ಡೆಣಿಸುವ ಗಲ್ಲೆಯ ಬಳಿ, ನಡುವೆ ಬೇಕಾದಷ್ಟೇ ಮಾತು.

ಹೋದ ಚಳಿಗಾಲ ಫೋಸ್ಕಾಗೆ ಕೆಟ್ಟ ಜ್ವರ ಬಂತು. ಜ್ವರ ಬಿಟ್ಟು ಎದ್ದಳು, ಆದರೆ ಹೋಗುವಾಗ ಅದು ಅವಳ ಮೂಗನ್ನೂ ನಾಲಿಗೆಯನ್ನೂ ತೆಗೆದುಕೊಂಡು ಹೋಗಿತ್ತು. ವಾಸನೆಯಿಲ್ಲ, ರುಚಿಯಿಲ್ಲ. ಕಾಫಿ ಕುಡಿದರೆ ಬಿಸಿನೀರು, ಚೀಸು ತಿಂದರೆ ಮೇಣ. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು: ಒಂದು ಬೆಳಿಗ್ಗೆ ಎಲ್ಲರೆದುರು ಸೊಸೆ ಬಂದು ಹಲಗೆ ತೆಗೆದುಕೊಳ್ಳುತ್ತಾಳೆ, ಬಾಗಿಲ ಪಕ್ಕ ಕುರ್ಚಿ ಹೇಗೂ ಕಾದಿದೆ. ಹಾಗಾಗಿ ದಿನವೂ ಮೊದಲಿನಂತೆಯೇ ಬ್ರೆಡ್ಡು ಮುರಿದು, ಮೂಗಿಟ್ಟು, ಅಗಿದು, ತಲೆಯಾಡಿಸಿ ಬಾಗಿಲು ಎತ್ತುತ್ತಿದ್ದಳು. ಬ್ರೆಡ್ಡೂ ಕೆಡಲಿಲ್ಲ. ಕೈ ಪಳಗಿದೆ, ಕೈಯೇ ನಡೆಸುತ್ತಿದೆ ಎಂದುಕೊಂಡು ಧೈರ್ಯವಾಗಿದ್ದಳು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಇನ್ನು ಆ ಶನಿವಾರ. ಭಾನುವಾರ ಅಂಗಡಿ ಇಲ್ಲದ್ದರಿಂದ ಶನಿವಾರ ಎಲ್ಲರೂ ಎರಡು ದಿನದ ಬ್ರೆಡ್ಡು ಒಯ್ಯುತ್ತಾರೆ. ಹಿಂದಿನ ರಾತ್ರಿಯಿಂದ ಫೋಸ್ಕಾಳ ಮೊಮ್ಮಗಳಿಗೆ, ಅಸ್ಸುಂತಾಳ ಕೂಸಿಗೆ, ಮೈ ಸುಡುತ್ತಿತ್ತು. ಬೆಳಗಿನ ಜಾವ ಫೋಸ್ಕಾ ಹಿಟ್ಟು ನಾದುತ್ತಾ, ನಡುನಡುವೆ ಮೇಲೆ ಓಡಿ ಮಗುವನ್ನು ನೋಡಿ ಬರುತ್ತಾ ಇದ್ದಳು. ಅವಳ ಹತ್ತಿರ ಎರಡು ತೊಟ್ಟಿಗಳು: ಒಂದು ಬ್ರೆಡ್ಡಿನ ಹಿಟ್ಟಿಗೆ, ಇನ್ನೊಂದು ಎಣ್ಣೆ ಸವರಿ ಸುಡುವ ಚಪ್ಪಟೆ ರೊಟ್ಟಿಯ ಹಿಟ್ಟಿಗೆ. ರೊಟ್ಟಿಗೆ ಮಾತ್ರ ಉಪ್ಪುಂಟು. ಆ ಉಪ್ಪು ಬ್ರೆಡ್ಡಿನ ತೊಟ್ಟಿಗೆ ಹೋಯಿತು. ಹಿಟ್ಟು ಯಾಕೋ ಬಿಗಿಯಾಗಿದೆ ಎಂದು ಕೈಗೆ ತಿಳಿಯಿತಂತೆ, ಚಳಿಗೆ ಇರಬೇಕು ಎಂದುಕೊಂಡಳು. ಬೇರೆ ದಿನವಾಗಿದ್ದರೆ ನಾಲಿಗೆಯ ತುದಿಗೆ ಮುಟ್ಟಿಸಿ ನೋಡುತ್ತಿದ್ದಳು. ಈಗ ಮುಟ್ಟಿಸಿ ಏನು ಬಂತು?

ಬಿಸಿಲೇರುವ ಮೊದಲೇ ಬೀದಿ ಕಾವೇರಿತ್ತು. ನಾನೂ ಒಂದು ತುತ್ತು ತಿಂದು ಉಗುಳಿ, ಸೂಜಿ ಚುಚ್ಚಿಟ್ಟು ಎದ್ದು ಹೋದೆ. ನನಗಿಂತ ಮೊದಲೇ ವಾಸ್ಕೊ ಅಲ್ಲಿದ್ದ. ಬ್ರೆಡ್ಡನ್ನು ಗಲ್ಲೆಯ ಮೇಲೆ ಕುಕ್ಕಿದ, ಅದೂ ಬೋರಲಾಗಿ. ಅಸ್ಸುಂತಾ ಮೊದಲು ಮಾಡಿದ್ದೇ ಅದನ್ನು ಮೇಲುಮುಖ ಮಾಡಿ ಇಟ್ಟದ್ದು. ಬ್ರೆಡ್ಡು ಬೋರಲು ಬಿದ್ದರೆ ಮನೆಗೆ ಕೇಡು, ಆ ವಿಷಯದಲ್ಲಿ ಮಾತ್ರ ಪುಲಿಯಾದವರದ್ದೂ ನಮ್ಮದೂ ಒಂದೇ ಮತ.

"ಏನಮ್ಮಾ ಇದು?" ಎಂದ ವಾಸ್ಕೊ. "ಹಲ್ಲು ಬರೋಕ್ ಮುಂಚಿಂದ ಈ ಅಂಗಡೀದೇ ತಿಂತಿದೀನಿ, ಯಾವತ್ತೂ ಹೀಗಾಗಿರ್ಲಿಲ್ಲ. ಕೊನೆಗೂ ನಿಮ್ಮೂರ ಬುದ್ಧಿ ತೋರಿಸ್ಬಿಟ್ಯಾ?"

ಹಿಂದೆ ನಿಂತವರು ನಕ್ಕರು. ಅಸ್ಸುಂತಾ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಅವಳ ಕಣ್ಣು ಒಳಬಾಗಿಲ ಕಡೆ ಹೋಯಿತು. ಅಲ್ಲಿ ಫೋಸ್ಕಾ ಹಿಟ್ಟಿನ ಕೈಯಲ್ಲಿ ನಿಂತಿದ್ದಳು.

"ಹೌದು, ನಾನೇ," ಎಂದಳು ಅಸ್ಸುಂತಾ. "ಕೈತಪ್ಪಿ ಹೋಯ್ತು. ಕ್ಷಮಿಸಿ."

ಫೋಸ್ಕಾ ಮುಂದೆ ಬಂದು ತಾನೂ ಒಂದು ಚೂರು ತಿಂದಳು. ಅವಳ ಮುಖವನ್ನೇ ನೋಡುತ್ತಿದ್ದೆ. ಹುಬ್ಬು ಏಳಲಿಲ್ಲ, ತುಟಿ ಸೊಟ್ಟಗಾಗಲಿಲ್ಲ. ಅಷ್ಟು ಉಪ್ಪು ಬಾಯಲ್ಲಿಟ್ಟುಕೊಂಡು ಅವಳು ಸೊಸೆಯ ಮುಖ ನೋಡುತ್ತಿದ್ದಳು, ಅಲ್ಲೇನೋ ಬರೆದಿದೆಯೇನೋ ಎನ್ನುವಂತೆ. ಎಳೆ ತಪ್ಪಿದ್ದು ನನ್ನ ಬೆರಳಿಗೆ ಆಗಲೇ ಸಿಕ್ಕಿತು. ಅದೂ ಅಲ್ಲದೆ, ಆವತ್ತು ಜಾವದಲ್ಲಿ ಅಸ್ಸುಂತಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಮೇಲಿನ ಕೋಣೆಯಲ್ಲಿ ಓಡಾಡುತ್ತಿದ್ದದ್ದನ್ನು ನಾನು ಕಿಟಕಿಯಿಂದ ಕಂಡಿದ್ದೆ. ಅವಳು ಹಿಟ್ಟಿನ ಹತ್ತಿರ ಹೋಗಿರಲೇ ಇಲ್ಲ.

ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಬೀದಿ ದಾಟಿದೆ. ಫೋಸ್ಕಾ ಅಪ್ಪನ ಕುರ್ಚಿಯಲ್ಲಿ ಕೂತಿದ್ದಳು. ಮುಷ್ಟಿಯಲ್ಲಿ ಜಜ್ಜಿಕೊಂಡು ಹೋಗಿದ್ದ ಬೆಳ್ಳುಳ್ಳಿಯನ್ನು ಅವಳ ಮೂಗಿನ ಕೆಳಗೆ ಹಿಡಿದೆ. ಅವಳು ನನ್ನ ಮುಷ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು. ಒಳಗೆ ಏನಿದೆಯೆಂದು ಅವಳಿಗೆ ತಿಳಿಯಲಿಲ್ಲ. ನಾನು ಕೈ ಬಿಚ್ಚಿ ತೋರಿಸಿದೆ. ಆಗ ಅತ್ತಳು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ.

ಜ್ವರದಿಂದ ಹಿಡಿದು ಎಲ್ಲ ಹೇಳಿದಳು. ಗುಟ್ಟಾಗಿ ಹೋಗಿ ತೋರಿಸಿದ್ದ ಡಾಕ್ಟರು, ವಾಸನೆ ರುಚಿ ಮರಳಿ ಬಂದರೆ ಬರಬಹುದು, ಇಲ್ಲದಿದ್ದರೆ ಇಲ್ಲ ಎಂದಿದ್ದರಂತೆ.

"ಅಪ್ಪನ ಕೈಯಿಂದ ಕಿತ್ಕೊಂಡೋಳು ನಾನು," ಎಂದಳು. "ಈಗ ನನ್ನ ಕೈಯಿಂದ ಯಾರಾದ್ರೂ ಕಿತ್ಕೊಂಡ್ರೆ ಬೇಡ ಅನ್ನೋಕೆ ನಂಗ್ಯಾವ ಬಾಯಿದೆ, ನೆಲ್ಲಾ?"

ನನಗೆ ಮರುಕವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಮೊದಲು ಹೊರಬಿತ್ತು, ನನ್ನದು ಯಾವಾಗಲೂ ಹಾಗೆ.

"ಕಿತ್ಕೊಂಡ್ಳಾ ಅವಳು?" ಎಂದೆ. "ಬೀದಿಯೋರೆಲ್ಲ ಉಗೀತಿದ್ರೆ ತಪ್ಪು ತನ್ನದೇ ಅಂತ ಹೊತ್ಕೊಂಡ್ಳು. ಉಪ್ಪು ತಿಂದೋರು ನೀರು ಕುಡೀಬೇಕು ಕಣೇ. ನೀನು ತಿಂದು, ಅವಳ ಕೈಲಿ ಕುಡಿಸ್ತಿದೀಯ."

"ಅವಳಿಗೆ ಗೊತ್ತಾ ಹಾಗಾದ್ರೆ?"

ಗೊತ್ತಿಲ್ಲದೆ ಹೊತ್ತುಕೊಳ್ಳುತ್ತಾಳೆಯೇ ಪೆದ್ದಿ ಎಂದೆ. ಚಳಿಗಾಲದಿಂದ ಈಚೆಗೆ ದಿನವೂ ಫೋಸ್ಕಾ ಏಳುವ ಮೊದಲೇ ಒಲೆಮನೆಯಲ್ಲಿ ದೀಪ ಹತ್ತಿ ಆರುತ್ತಿತ್ತು. ಸೊಸೆ ಕದ್ದು ತಿನ್ನಲು ಇಳಿಯುತ್ತಾಳೆ ಎಂದು ನಾನು ತಪ್ಪು ಎಣಿಸಿದ್ದೆ, ಯಾರಿಗೋ ಹೇಳಿಯೂ ಇದ್ದೆ. ಅವಳು ಒಂದು ಪಾತ್ರೆಯ ಮೇಲೆ ಬಗ್ಗಿ ಮೂಸುವುದು ಕಿಟಕಿಯಿಂದ ಕಾಣುತ್ತಿತ್ತು, ಅದು ಹೆಪ್ಪಿನ ಪಾತ್ರೆಯೆಂದು ನನಗೆ ಈಗ ಹೊಳೆಯಿತು. ಹಿಟ್ಟು ಹುಳಿಸುವ ಆ ಹೆಪ್ಪು ಅತಿಯಾಗಿ ಹುಳಿ ಬಂದಿದ್ದರೆ ತೊಳೆದು, ಹೊಸ ಹಿಟ್ಟು ಕೊಟ್ಟು, ಮುಚ್ಚಿಟ್ಟು, ಸದ್ದಿಲ್ಲದೆ ಮೇಲೆ ಹೋಗಿ ಮಲಗುತ್ತಿದ್ದಳು. ಫೋಸ್ಕಾ ನಂಬಿಕೊಂಡಿದ್ದ ಪಳಗಿದ ಕೈಯ ಹಿಂದೆ ಇನ್ನೊಂದು ಮೂಗಿತ್ತು. ನಾನು ಕಂಡದ್ದನ್ನು ಹೇಳಿದೆ. ಮೇಲೆ ಮಗು ನಗುವ ಸದ್ದು ಕೇಳಿತು, ಜ್ವರ ಇಳಿದಿತ್ತು.

ಭಾನುವಾರ ಪೂರ್ತಿ ಬೀದಿಗೆ ಅದೇ ಮಾತು. ಬ್ರೆಡ್ಡು ಬಿಸಾಡುವುದು ನಮ್ಮಲ್ಲಿ ಪಾಪ, ಹಾಗಾಗಿ ಎಲ್ಲರೂ ಬೈದುಕೊಂಡು ಅದನ್ನೇ ತಿಂದರು. ವಾಸ್ಕೊ ಬೈದಷ್ಟೂ ಹೆಚ್ಚು ತಿಂದನೆಂದು ಅವನ ಹೆಂಡತಿಯೇ ಹೇಳಿದಳು.

ಸೋಮವಾರ ಬೆಳಿಗ್ಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಫೋಸ್ಕಾ ಅವತ್ತು ಮೊದಲ ಬ್ರೆಡ್ಡು ತೆಗೆಯುವ ಮುಂಚೆಯೇ ಬಾಗಿಲು ಎತ್ತಿಬಿಟ್ಟಿದ್ದಳು. ಬ್ರೆಡ್ಡು ಬೇಕಾದವರಿಗಿಂತ ತಮಾಷೆ ಬೇಕಾದವರೇ ಹೆಚ್ಚು. ಅಸ್ಸುಂತಾ ತಲೆ ತಗ್ಗಿಸಿ ಗಲ್ಲೆಯ ಹಿಂದೆ ನಿಂತಿದ್ದಳು. ಅಷ್ಟರಲ್ಲಿ ಫೋಸ್ಕಾ ಒಳಗಿನಿಂದ ಬಂದಳು, ಕೈಯಲ್ಲಿ ಹಲಗೆ.

"ಉಪ್ಪು ಹಾಕಿದ್ದು ನಾನು," ಎಂದಳು. "ಇವಳಲ್ಲ. ಜ್ವರ ಬಂದಾಗಿಂದ ನಂಗೆ ವಾಸನೇನೂ ಇಲ್ಲ, ರುಚೀನೂ ಇಲ್ಲ. ನೀವು ಇಷ್ಟು ದಿನ ಒಳ್ಳೇ ಬ್ರೆಡ್ಡು ತಿಂದಿದ್ರೆ ಅದು ನನ್ನ ಸೊಸೆಯಿಂದ."

ವಾಸ್ಕೊ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಫೋಸ್ಕಾ ಸೊಸೆಯ ಕಡೆ ತಿರುಗಿ ಎರಡು ಕೈಯಿಂದ ಹಲಗೆಯನ್ನು ಮುಂದಕ್ಕೆ ಚಾಚಿದಳು. ನಾನು ಕುರ್ಚಿಯ ಕಡೆ ನೋಡಬಾರದೆಂದುಕೊಂಡು ಅದನ್ನೇ ನೋಡಿದೆ. ದುಯೀಲಿಯೊ ಹೋಗಿ ಅದರಲ್ಲಿ ಕೂತ ಬೆಳಿಗ್ಗೆಯೂ ನಾನು ಇದೇ ಜಾಗದಲ್ಲಿ ನಿಂತಿದ್ದೆ.

ಅಸ್ಸುಂತಾ ಕೈಯನ್ನು ಸೊಂಟಕ್ಕೆ ಕಟ್ಟಿದ್ದ ಬಟ್ಟೆಗೆ ಒರೆಸಿಕೊಂಡಳು. ಹಲಗೆ ಮುಟ್ಟಲಿಲ್ಲ.

"ಹಲಗೆ ಹಿಡಿಯೋಕೆ ಮೂಗ್ಯಾಕೆ ಅತ್ತೆ?" ಎಂದಳು. "ಅದಕ್ಕೆ ಕೈ ಸಾಕು. ಮೂಗು ನಂದಿದೆಯಲ್ಲ. ಒಳಗೆ ಬ್ರೆಡ್ಡು ಸೀದ್ಹೋಗತ್ತೆ, ನಡೀರಿ."

ಫೋಸ್ಕಾ ಕ್ಷಣ ಹಾಗೇ ನಿಂತಳು. ಆಮೇಲೆ ಸೀದುಹೋಗುವ ಮಾತು ಕಿವಿಗೆ ಬಿದ್ದವಳಂತೆ ದಡಬಡ ಒಳಗೆ ಓಡಿದಳು. ಜನರೆಲ್ಲ ಒಮ್ಮೆಗೇ ನಕ್ಕರು, ಯಾರೋ ಮೂಗು ಒರೆಸಿಕೊಂಡರು. ಅದು ನಾನೇ ಇರಬೇಕು.

ಫೋಸ್ಕಾ ಹಲಗೆಯ ಮೇಲೆ ಮೊದಲ ಬ್ರೆಡ್ಡು ತಂದಳು. ಗಲ್ಲೆಯ ಮೇಲಿಟ್ಟು, ಎಲ್ಲರೆದುರು ಮುರಿದಳು. ಆವಿ ಎದ್ದಿತು. ತನ್ನ ಮೂಗಿಗೆ ಒಯ್ಯಲಿಲ್ಲ, ಸೊಸೆಯ ಮುಖದ ಮುಂದೆ ಹಿಡಿದಳು. ಅಸ್ಸುಂತಾ ಕಣ್ಣು ಮುಚ್ಚಿ ವಾಸನೆ ನೋಡಿದಳು. ಚೂರು ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಮೊದಲ ದಿನ ಈ ಮನೆಯಲ್ಲಿ ಉಪ್ಪಿನ ಬಟ್ಟಲು ಕೇಳಿದ ಹುಡುಗಿಯ ಬಾಯಿಯನ್ನೇ ಬೀದಿಗೆ ಬೀದಿಯೇ ನೋಡುತ್ತಾ ನಿಂತಿತ್ತು.

"ಉಪ್ಪಿಲ್ಲ ಅತ್ತೆ," ಎಂದಳು.

ಫೋಸ್ಕಾ ತಲೆಯಾಡಿಸಿ, ಹಲಗೆ ಎತ್ತಿಕೊಂಡು ಒಲೆಯ ಕಡೆ ಹೋದಳು. ಉಳಿದ ಬ್ರೆಡ್ಡು ಇನ್ನೂ ಒಳಗೇ ಇತ್ತು.